ಮುಂದಿನ ಪಾಳಿಗೆ ಹೇಳದ ಮಾತು

ಆ ಗುರುವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಮನೆಯ ಫೋನು ಬಡಿಯಿತು. ನಾನು ಪೂಜೆ ಮುಗಿಸಿ ಪಡಸಾಲೆಯಲ್ಲಿ ಪೇಪರು ಹಿಡಿದು ಕುಳಿತಿದ್ದೆ. ಮಾತಾಡಿದವನು ಹಾಲೇಶ್. ನನ್ನ ಮಗಳು ಶೈಲಶ್ರೀ ಸಂಡೂರು ಗುಡ್ಡದ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವ ಕೆಮಿಸ್ಟ್. ಹಾಲೇಶ್ ಅಲ್ಲಿ ಅವಳ ಪಕ್ಕದ ಮೇಜಿನವನು.

"ಅಯ್ನೋರೆ, ಮೇಡಮ್ಮೋರು ಇವತ್ತು ರಜಾ ಏನ್ರಿ? ಬಸ್ಸಿನಾಗ ಬಂದಿಲ್ಲ" ಎಂದ.

ಅವಳು ಮನೆ ಬಿಟ್ಟು ಒಂದೂವರೆ ಗಂಟೆ ಆಯಿತು ಎಂದು ಹೇಳಿದೆ. ಅವನು, ಬೇರೆ ಗಾಡಿಯಲ್ಲಿ ಬರುತ್ತಿರಬಹುದು, ಚಿಂತೆ ಮಾಡಬೇಡಿ ಎಂದು ಫೋನು ಇಟ್ಟ. ನಾನು ಚಿಂತೆ ಮಾಡಲಿಲ್ಲ. ಪೇಪರಿನ ಉಳಿದ ಪುಟ ಓದಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂಬತ್ತು ದಾಟಿದ ಮೇಲೆ ಇನ್ನೊಂದು ಫೋನು ಬಂತು. ಗುರುತಿಲ್ಲದ ದನಿ. ಕಂಪನಿಯ ಗುರುತಿನ ಚೀಟಿಯ ಹಿಂದೆ ಬರೆದಿದ್ದ ನಂಬರು ನೋಡಿ ಮಾಡುತ್ತಿದ್ದೇನೆ ಎಂದಿತು. ನಾನು ಆಕೆಗೆ ಏನಾಗಬೇಕು ಎಂದು ಕೇಳಿತು. ತಂದೆ ಎಂದೆ. ಆಮೇಲೆ ಆ ದನಿ ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಂತೆ ಹೇಳಿತು. ಸಂಡೂರು ರಸ್ತೆ, ಘಾಟಿಯ ತಿರುವು, ಹದಿನಾಲ್ಕು ಜನ ತುಂಬಿದ್ದ ಟ್ರ್ಯಾಕ್ಸ್ ಜೀಪು, ಎದುರಿಗೆ ಬಂದ ಅದಿರು ಲಾರಿ. ಮೂವರು ಸ್ಥಳದಲ್ಲೇ ಹೋಗಿದ್ದರು. ಅವರಲ್ಲಿ ನನ್ನ ಮಗಳು ಒಬ್ಬಳು.

ನನ್ನ ಹೆಂಡತಿ ಗಂಗಾಂಬಿಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಶೈಲಶ್ರೀ ಬಿಟ್ಟುಹೋಗಿದ್ದ ಊಟದ ತಟ್ಟೆ ಇತ್ತು. ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಅಲ್ಲೇ ಕುಳಿತಳು.

ಶೈಲಶ್ರೀಯ ಗಂಡ ಸಿದ್ದಲಿಂಗೇಶ್ ಕಂಪ್ಲಿಯವನು. ಅವನದೊಂದು ಅಕ್ಕಿ ಗಿರಣಿ ಇದೆ. ಕಂಪನಿಯ ಬಸ್ಸು ಕಂಪ್ಲಿಗೆ ಹೋಗುವುದಿಲ್ಲವಾದ್ದರಿಂದ ಮಗಳು ವಾರವೆಲ್ಲ ಟಿ.ಬಿ. ಡ್ಯಾಮಿನಲ್ಲಿ ನಮ್ಮ ಜೊತೆ ಇದ್ದು, ಶನಿವಾರ ಸಂಜೆ ಗಂಡನ ಮನೆಗೆ ಹೋಗುತ್ತಿದ್ದಳು. ಆ ವಾರ ಗುರುವಾರವೇ ಹೋದಳು. ಕಂಪ್ಲಿಯ ಅವರ ಹೊಲದ ಬದುವಿನಲ್ಲಿ ಗುಣಿ ತೋಡಿ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮುಚ್ಚಿದರು. ಕ್ರಿಯೆಯ ಮಂತ್ರವನ್ನು ನಾನೇ ಹೇಳಿದೆ. ಅಯ್ಯನೋರ, ಅಂದರೆ ಪೌರೋಹಿತ್ಯದ ಜಂಗಮರ ಮನೆತನದಲ್ಲಿ ಹುಟ್ಟಿದವನು ಎಷ್ಟೋ ಜನರಿಗೆ ಹೇಳಿದ್ದೆ. ನಾಲಿಗೆ ತಪ್ಪಲಿಲ್ಲ.

ಮೂರನೆಯ ದಿನ ನಾವಿಬ್ಬರೂ ಮನೆಗೆ ಬಂದು ಬೀಗ ತೆಗೆದೆವು. ಅವಳ ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಅವಳು ಮುಚ್ಚಿಟ್ಟಂತೆಯೇ ಇತ್ತು. ಅಂಚಿನಲ್ಲಿ ಸಾಸಿವೆಯಷ್ಟು ಒಂದು ದೀಪ ಹತ್ತುತ್ತ ಆರುತ್ತ ಇತ್ತು. ಅದು ನಿದ್ದೆ ಮಾಡುತ್ತಿದೆ ಎಂಬುದರ ಗುರುತು. ಅಂದು ಬೆಳಿಗ್ಗೆ ಅವಳೇ ಮಲಗಿಸಿ ಹೋದದ್ದು.

ಗಂಗಾಂಬಿಕಾ ಅದರ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು, ಒಂದು ಕಣಗಿಲೆ ಹೂ ಇಟ್ಟಳು. ಹನ್ನೊಂದನೆಯ ದಿನದ ಗಣಾರಾಧನೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಕೂಡದು ಎಂದಳು. ನಾನು ಒಪ್ಪಿದೆ. ಒಪ್ಪಿದ್ದು ಭಕ್ತಿಯಿಂದಲ್ಲ, ಹೆದರಿಕೆಯಿಂದ. ಅದರ ಕಾರಣ ಹೇಳಬೇಕಾದರೆ ಆ ಯಂತ್ರದ ರೋಗದ ಕತೆ ಹೇಳಬೇಕು.

ಲ್ಯಾಬಿನವರು ಹಳೆಯದೆಂದು ವಿಲೇವಾರಿ ಮಾಡಿದಾಗ ಶೈಲಶ್ರೀ ತಂದುಕೊಂಡ ಲ್ಯಾಪ್‌ಟಾಪು ಅದು. ಹಾಲೇಶ್ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ. ಎಲ್ಲ ಚೆನ್ನಾಗಿತ್ತು, ಒಂದು ಬಿಟ್ಟು. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗುತ್ತಿತ್ತು, ತೆರೆದರೆ ಏಳುತ್ತಿರಲಿಲ್ಲ. ಫ್ಯಾನು ತಿರುಗುವ ಸದ್ದು ಬರುತ್ತಿತ್ತು, ದೀಪ ಹತ್ತುತ್ತಿತ್ತು, ಪರದೆ ಮಾತ್ರ ಕಪ್ಪಗೆ. ಗುಂಡಿ ಒತ್ತಿ ಹಿಡಿದು ಕೊಲ್ಲಬೇಕು. ಬರೆದಿಟ್ಟು ಉಳಿಸದ ಕೆಲಸವೆಲ್ಲ ಅದರೊಂದಿಗೆ ಹೋಗುತ್ತಿತ್ತು. ಬೆಳಗಿನ ಹೊತ್ತು ರೊಟ್ಟಿ ತಿನ್ನುತ್ತ ಲ್ಯಾಬಿನ ಲೆಕ್ಕ ನೋಡುವುದು, ಹೊರಡುವಾಗ ಫಕ್ಕನೆ ಮುಚ್ಚುವುದು ಅವಳ ರೂಢಿ. ವಾರಕ್ಕೆರಡು ಸಲ ಕೆಲಸ ಕಳೆದುಕೊಂಡು ತಲೆ ಮೇಲೆ ಕೈಹೊತ್ತು ಕೂರುತ್ತಿದ್ದಳು.

ನಾನು ಬಲದಂಡೆ ಕಾಲುವೆಯ ತೂಬಿನಲ್ಲಿ ಮೂವತ್ನಾಲ್ಕು ವರ್ಷ ಗೇಟ್ ಆಪರೇಟರ್ ಆಗಿದ್ದವನು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಕಂಪ್ಯೂಟರು ಗೊತ್ತಿಲ್ಲ. ಆದರೆ ಕೆಟ್ಟದ್ದನ್ನು ಹುಡುಕುವ ಕ್ರಮ ಗೊತ್ತು. ಅದನ್ನು ನನಗೆ ಕಲಿಸಿದವರು ನನ್ನ ಹಿರಿಯ ಆಪರೇಟರ್ ಮೈಲಾರಲಿಂಗಪ್ಪನವರು. ಒಂದು ಸಲಕ್ಕೆ ಒಂದೇ ಬೋಲ್ಟು ತಿರುವು, ಎರಡು ತಿರುವಿದವನು ಯಾವುದರಿಂದ ನೀರು ನಿಂತಿತು ಎಂದು ಸಾಯುವವರೆಗೂ ಹೇಳಲಾರ ಎನ್ನುತ್ತಿದ್ದರು. ಮಾಡಿದ್ದನ್ನೆಲ್ಲ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ತಾರೀಖು, ವೇಳೆ, ದೋಷ, ಏನು ಬದಲಾಯಿಸಿದೆ, ಫಲವೇನು. ಕೊನೆಯ ಕಾಲಮಿನಲ್ಲಿ, ಮುಂದಿನ ಪಾಳಿಗೆ ತಿಳಿಸಿದೆ ಎಂದು ಸಹಿ. ಬರೆದದ್ದು ಸಾಲದು, ಬಾಯಲ್ಲೂ ಹೇಳಬೇಕು. ಏಕೆಂದರೆ ಕತ್ತಲಲ್ಲಿ ಗೇಟಿನ ಮೇಲೆ ಹೋಗುವವನು ಪುಸ್ತಕ ಓದಿಕೊಂಡು ಹೋಗುವುದಿಲ್ಲ.

ಹೀಗೆ ಒಂದು ನೂರು ಪುಟದ ನೋಟುಬುಕ್ಕಿಗೆ ಗೆರೆ ಎಳೆದು ಕುಳಿತೆ. ಹಾಲೇಶ್ ಸಂಜೆ ಫೋನಿನಲ್ಲಿ ಒಂದೊಂದು ಅಕ್ಷರ ಹೇಳುತ್ತಿದ್ದ, ನಾನು ಒಂದೊಂದಾಗಿ ಒತ್ತುತ್ತಿದ್ದೆ. ಮಗಳಿಗೆ ಅದೊಂದು ನಗೆಯ ವಿಷಯವಾಗಿತ್ತು. "ಅಪ್ಪಾಜಿ, ಅದು ತೂಬಲ್ಲ, ನೀರು ಬರಂಗಿಲ್ಲ" ಎನ್ನುತ್ತಿದ್ದಳು. ಮೊದಲು ಮುಚ್ಚಳದ ಮೇಲೆ ಸಂಶಯಪಟ್ಟೆವು. ಮುಚ್ಚಳ ಮುಟ್ಟದೆ ಆಜ್ಞೆ ಕೊಟ್ಟು ಮಲಗಿಸಿದರೂ ಏಳಲಿಲ್ಲ. ಮುಚ್ಚಳ ನಿರಪರಾಧಿ ಎಂದು ಬರೆದೆ. ಪರದೆಯನ್ನು ಎದ್ದ ಮೇಲೆ ಮತ್ತೆ ಹೊತ್ತಿಸುವ ಒಂದು ಉಪಾಯ ಇತ್ತು, ಅದನ್ನು ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ. ಫಲವಿಲ್ಲ. ಮೌಸು ಕಿತ್ತು ನೋಡಿದೆ. ಫಲವಿಲ್ಲ. ಹದಿನೇಳು ದಿನದಲ್ಲಿ ಒಂಬತ್ತು ಪುಟ ತುಂಬಿತು.

ಕೊನೆಗೆ ಹಾಲೇಶ್ ಒಂದು ದಾರಿ ಹೇಳಿದ. ಏಳುವಾಗ ಯಂತ್ರ ಎಲ್ಲಿ ಸಿಕ್ಕಿಬೀಳುತ್ತದೋ ಆ ಜಾಗದ ಗುರುತನ್ನು ಅದು ತಾನೇ ಎಲ್ಲಾದರೂ ಬರೆದಿಡುವಂತೆ ಮಾಡಬಹುದು. ಆದರೆ ಗುಂಡಿ ಒತ್ತಿ ಕೊಂದಾಗ ಎಲ್ಲ ಅಳಿಸಿಹೋಗುತ್ತದೆ, ಉಳಿಯುವುದು ಅದರೊಳಗಿನ ಗಡಿಯಾರ ಒಂದೇ. ಅದಕ್ಕೆ ತನ್ನದೇ ಪುಟ್ಟ ಸೆಲ್ಲಿದೆ. ಆದ್ದರಿಂದ ಗುರುತನ್ನು ಗಡಿಯಾರದ ಜಾಗದಲ್ಲೇ ಬರೆಯುತ್ತದೆ. "ಕಳ್ಳ ಸಿಗತಾನ್ರಿ, ಆದರ ಗಡಿಯಾರಕ್ಕ ಹುಚ್ಚು ಹಿಡೀತೈತಿ. ಆಮ್ಯಾಲ ಟೈಮ್ ನೀವ ಸರಿಮಾಡಬೇಕು" ಎಂದ.

ಮಂಗಳವಾರ ಸಂಜೆ ಅದನ್ನು ಮಾಡಿದೆ. ಯಂತ್ರ ಮಲಗಿತು, ಏಳದೆ ಸಿಕ್ಕಿಬಿತ್ತು, ಕೊಂದು ಮತ್ತೆ ಹಚ್ಚಿದೆ. ಕಳ್ಳ ಸಿಕ್ಕ. ತಂತಿಯಿಲ್ಲದೆ ಇಂಟರ್‌ನೆಟ್ ಹಿಡಿಯುವ ಒಂದು ಬಿಡಿಭಾಗ ಅದರೊಳಗಿತ್ತು, ನಮ್ಮ ಮನೆಯಲ್ಲಿ ಎಂದೂ ಬಳಸದೇ ಇದ್ದದ್ದು. ಏಳುವಾಗ ಎಲ್ಲವನ್ನೂ ತಡೆದು ನಿಲ್ಲಿಸುತ್ತಿದ್ದುದು ಅದೇ. ಗಡಿಯಾರ ಹಾಲೇಶ್ ಹೇಳಿದಂತೆ ಕೆಟ್ಟಿತ್ತು. ಬುಧವಾರ ಬೆಳಿಗ್ಗೆ ಶೈಲಶ್ರೀ ನೋಡಿ, "ಅಮ್ಮಾ, ಬಾ ಇಲ್ಲಿ, ಅಪ್ಪಾಜಿ ನಮ್ಮನ್ನ ಎರಡು ಸಾವಿರದ ಮೂವತ್ತೊಂದಕ್ಕ ಕಳಿಸ್ಯಾರ" ಎಂದು ನಕ್ಕಳು. ಸಂಜೆ ಸರಿಮಾಡುತ್ತೇನೆ ಎಂದೆ.

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹದಿನೈದು ನಿಮಿಷ ಮುಂದೆ ಇರುತ್ತಿತ್ತು. ಪಾಳಿಗೆ ತಡವಾದರೆ ಹಿಂದಿನ ಪಾಳಿಯವನು ಗೇಟು ಬಿಟ್ಟು ಹೋಗುವಂತಿಲ್ಲ, ನಿಂತೇ ಇರಬೇಕು. ಆ ಪಾಪ ಬೇಡವೆಂದು ಮದುವೆಗೂ ಮುಂಚೆ ನಾನು ಮಾಡಿಕೊಂಡ ರೂಢಿ. ಮನೆಯಲ್ಲಿ ಯಾರೂ ಮೋಸ ಹೋಗುತ್ತಿರಲಿಲ್ಲ. ನೋಡಿದವರು ಮನಸ್ಸಿನಲ್ಲೇ ಹದಿನೈದು ಕಳೆಯುತ್ತಿದ್ದರು. ಶೈಲಶ್ರೀ ಕಳೆಯುವ ಲೆಕ್ಕ ಕಲಿತದ್ದೇ ಆ ಗಡಿಯಾರದಲ್ಲಿ.

ಬುಧವಾರ ಸಂಜೆ ಯಂತ್ರಕ್ಕೆ ಒಂದು ಸಾಲು ಬರೆದೆ: ಮಲಗುವ ಮೊದಲು ಆ ಬಿಡಿಭಾಗವನ್ನು ಬಿಟ್ಟುಬಿಡು. ಮಲಗಿಸಿದೆ. ಎದ್ದಿತು. ಮೂರು ಸಲ ಮಾಡಿದೆ, ಮೂರು ಸಲವೂ ಎದ್ದಿತು. ಆ ಸಂತೋಷದಲ್ಲಿ ನನಗೊಂದು ಯೋಚನೆ ಬಂತು. ಇದು ಯಂತ್ರ, ಪ್ರತಿಯೊಂದನ್ನೂ ವೇಳೆ ಹಾಕಿ ಬರೆದಿಡುತ್ತದೆ. ಇದಕ್ಕೆ ಮನೆಯ ಸುಳ್ಳು ವೇಳೆ ಕೊಡಬಾರದು. ರೇಡಿಯೊದಲ್ಲಿ ವಾರ್ತೆಗೆ ಮುಂಚೆ ಬರುವ ಸದ್ದಿಗೆ ಸರಿಯಾಗಿ ಇಡಬೇಕು. ಆಗ ಕರೆಂಟು ಇರಲಿಲ್ಲ. ರೇಡಿಯೊದ ಒಂದು ಸೆಲ್ಲು ಸತ್ತಿತ್ತು. ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ರೇಡಿಯೊಗೆ ಹಾಕಿದೆ. ಕೊನೆಯ ಸದ್ದಿಗೆ ಗುಂಡಿ ಒತ್ತಿದೆ. ಲ್ಯಾಪ್‌ಟಾಪಿನ ಗಡಿಯಾರ ಸೆಕೆಂಡಿನ ಮಟ್ಟಿಗೂ ಸರಿಯಾಯಿತು. ಸೆಲ್ಲನ್ನು ವಾಪಸು ಹಾಕಲು ಮರೆತೆ.

ಮಗಳು ಅಂದು ತಲೆನೋವು ಎಂದು ತಡವಾಗಿ ಬಂದಳು. ಎರಡು ತುತ್ತು ಉಂಡು ಮಲಗಿದಳು. ಬೆಳಿಗ್ಗೆ ಹೇಳೋಣ, ಕಳ್ಳ ಸಿಕ್ಕ ಕತೆಯನ್ನೆಲ್ಲ ಒಟ್ಟಿಗೆ ಹೇಳೋಣ ಎಂದುಕೊಂಡೆ. ನೋಟುಬುಕ್ಕಿನಲ್ಲಿ ಬರೆದೆ: ಗಡಿಯಾರ ರೇಡಿಯೊಗೆ ಸರಿಯಾಗಿ ಇಡಲಾಗಿದೆ, ದೋಷ ನಿವಾರಣೆ. ಕೊನೆಯ ಕಾಲಮನ್ನು ಖಾಲಿ ಬಿಟ್ಟೆ.

ಹುಸೇನಮ್ಮ ಐದನೆಯ ದಿನ ನಮ್ಮನ್ನು ಮಾತಾಡಿಸಲು ಬಂದಳು. ಬಸ್ಸು ನಿಲ್ಲುವ ಜಾಗದಲ್ಲಿ ಅವಳದು ಚಹಾದ ಡಬ್ಬಿ ಅಂಗಡಿ. ಶೈಲಶ್ರೀಯನ್ನು ಫ್ರಾಕು ಹಾಕುವ ಕಾಲದಿಂದ ಬಲ್ಲವಳು. ಗಂಗಾಂಬಿಕಾ ಒಳಗೆ ಮಲಗಿದ್ದಳು. ಹುಸೇನಮ್ಮ ನನ್ನೆದುರು ಕಂಬಕ್ಕೆ ಒರಗಿ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು.

"ಬಸ್ಸು ಹೋಗಿ ಹತ್ತು ನಿಮಿಷ ಆಗಿತ್ರಿ ಅಯ್ನೋರೆ. ಆಕಿ ನಕ್ಕೋತ ಬಂದ್ಲು. ಬಸ್ಸು ಹೋತವ್ವಾ ಅಂದೆ. ಸುಳ್ಳು ಹೇಳಬ್ಯಾಡಬೇ, ಇನ್ನೂ ಮೂರು ನಿಮಿಷ ಐತಿ, ನಮ್ಮಪ್ಪನ ಗಡಿಯಾರದ ಲೆಕ್ಕ ನನಗ ಗೊತ್ತಿಲ್ಲೇನು ಅಂದ್ಲು. ಮೊದಲಿಗೆ ನನ್ನ ಮಾತು ನಂಬಲೇ ಇಲ್ರಿ. ಅಷ್ಟೊತ್ತಿಗೆ ಆ ಟ್ರ್ಯಾಕ್ಸ್ ಬಂತು."

ಅವಳು ಇನ್ನೂ ಏನೇನೋ ಹೇಳಿದಳು. ಚಹಾ ಕುಡಿದು ಹೋಗು ಎಂದಿದ್ದರೆ ನಿಲ್ಲುತ್ತಿದ್ದಳೇನೋ ಎಂದು ಅತ್ತಳು. ನನಗೆ ಕೇಳಿಸಲಿಲ್ಲ. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಗಡಿಯಾರ ಬುಧವಾರ ಸಂಜೆಯಲ್ಲೇ ನಿಂತಿತ್ತು.

ಬಸ್ಸು ಆರೂ ನಲವತ್ತೈದಕ್ಕೆ. ನಮ್ಮ ಮನೆಯಿಂದ ಏಳು ನಿಮಿಷದ ನಡಿಗೆ. ಅವಳ ಮೊಬೈಲು ಗಣಿಧೂಳು ತಿಂದು ಕೆಟ್ಟು, ಹೊಸಪೇಟೆಯ ಅಂಗಡಿಗೆ ಹೋಗಿ ನಾಲ್ಕು ದಿನವಾಗಿತ್ತು. ಕೈಗಡಿಯಾರ ಕಟ್ಟುವವಳಲ್ಲ. ಗೋಡೆ ಗಡಿಯಾರ ಸತ್ತಿತ್ತು. ಮನೆಯಲ್ಲಿ ಅವಳ ಕಣ್ಣಿಗೆ ಬಿದ್ದ ವೇಳೆ ಎಂದರೆ ಲ್ಯಾಪ್‌ಟಾಪಿನದು ಒಂದೇ. ಹಿಂದಿನ ದಿನ ಹುಚ್ಚು ಹಿಡಿದದ್ದು ಈಗ ಸರಿಯಾಗಿದೆ, ಅಂದರೆ ಅಪ್ಪಾಜಿ ಇಟ್ಟಿದ್ದಾರೆ. ಅಪ್ಪಾಜಿ ಇಟ್ಟ ಗಡಿಯಾರ ಹದಿನೈದು ಮುಂದೆ ಇರುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸದಂತೆ ಅವಳು ಹದಿನೈದು ಕಳೆದಳು.

ಇದೆಲ್ಲ ನನ್ನ ಊಹೆ ಇರಬಹುದು. ಅವಳು ಬೇರೆ ಕಾರಣಕ್ಕೂ ತಡಮಾಡಿರಬಹುದು, ದಾರಿಯಲ್ಲಿ ಯಾರೋ ಮಾತಾಡಿಸಿರಬಹುದು. ತಿಳಿಯುವ ದಾರಿ ಒಂದೇ ಇತ್ತು. ಯಂತ್ರ ತಾನು ಮಲಗಿದ ವೇಳೆಯನ್ನು ಬರೆದಿಡುತ್ತದೆ. ಅವಳು ಮುಚ್ಚಳ ಮುಚ್ಚಿದ್ದು ಆರೂವರೆಯ ಸುಮಾರಿಗೆ ಆಗಿದ್ದರೆ ನನ್ನ ಗಡಿಯಾರದ್ದು ತಪ್ಪಿಲ್ಲ. ಏಳಕ್ಕೆ ಹತ್ತು ಕಮ್ಮಿ ಆಗಿದ್ದರೆ ನಾನೇ ಅವಳನ್ನು ಆ ಟ್ರ್ಯಾಕ್ಸಿಗೆ ಹತ್ತಿಸಿದವನು.

ಹಾಲೇಶನಿಗೆ ಫೋನು ಮಾಡಿದೆ. ಕಾರಣ ಹೇಳಲಿಲ್ಲ. ಮಲಗಿದ ಯಂತ್ರ ಏಳದೆ ಸಿಕ್ಕಿಬಿದ್ದರೆ ಆ ವೇಳೆ ಉಳಿದಿರುತ್ತದೆಯೇ ಎಂದು ಕೇಳಿದೆ. "ಕೊನೀ ಸಾಲು ಡಿಸ್ಕಿಗೆ ಇಳಿದಿರತೈತೋ ಇಲ್ಲೋ ಹೇಳಾಕ ಬರಂಗಿಲ್ರಿ" ಎಂದ. ಚಾರ್ಜರು ಹಾಗೇ ಇರಲಿ, ಬ್ಯಾಟರಿ ಹಳೆಯದು, ಪೂರ್ತಿ ಇಳಿದರೆ ನಿದ್ದೆಯೂ ಹೋಗಿಬಿಡುತ್ತದೆ ಎಂದೂ ಹೇಳಿದ. ಮೇಡಮ್ಮೋರ ಕೊನೆಯ ಲೆಕ್ಕ ಅದರೊಳಗೇ ಇದೆ, ಆದರೆ ಅವಸರವಿಲ್ಲ ಎಂದ.

ಎಂಟನೆಯ ದಿನ ಮಧ್ಯಾಹ್ನ ಹೋದ ಕರೆಂಟು ಸಂಜೆಯವರೆಗೂ ಬರಲಿಲ್ಲ. ನಾನು ಅವಳ ಕೋಣೆಯಲ್ಲಿ ಕುಳಿತು ಆ ಸಾಸಿವೆ ದೀಪವನ್ನು ನೋಡುತ್ತಿದ್ದೆ. ಹತ್ತಿತು, ಆರಿತು. ಹಾಲೇಶ್ ಒಮ್ಮೆ ವಿವರಿಸಿದ್ದ: ಈ ನಿದ್ದೆಯಲ್ಲಿ ಉಳಿದೆಲ್ಲ ನಿಲ್ಲುತ್ತದೆ, ನೆನಪಿಗೆ ಮಾತ್ರ ಒಂದು ಹನಿ ವಿದ್ಯುತ್ತು ಹೋಗುತ್ತಿರುತ್ತದೆ. ಆ ಹನಿ ನಿಂತರೆ ನೆನಪೂ ಇಲ್ಲ. ಆರಬೇಡ ಎಂದು ದೇವರನ್ನು ಬೇಡಿದೆನೋ, ಆರಿಹೋಗು ಎಂದು ಬೇಡಿದೆನೋ, ನನಗೆ ತಿಳಿಯದು. ಎರಡನ್ನೂ ಬೇಡಿರಬೇಕು. ದೀಪದ ಬಣ್ಣ ಬದಲಾಗಿ ಕೆಂಪಾಗಿತ್ತು. ಆಗ ಕರೆಂಟು ಬಂತು.

ಹನ್ನೊಂದನೆಯ ದಿನ ಕಂಪ್ಲಿಯಲ್ಲಿ ಗಣಾರಾಧನೆ ಆಯಿತು. ಸಿದ್ದಲಿಂಗೇಶ್ ಗಡ್ಡ ಬಿಟ್ಟಿದ್ದ. ಊಟಕ್ಕೆ ಬಂದ ಜನರಿಗೆಲ್ಲ ತಾನೇ ಬಡಿಸಿದ. ಕೈತೊಳೆಯುವಾಗ ನನ್ನ ಪಕ್ಕ ಬಂದು ನಿಂತು, "ಆಕಿ ಯಾವತ್ತೂ ಬಸ್ಸು ತಪ್ಪಿಸಿಕೊಂಡಾಕಿ ಅಲ್ರಿ ಮಾವ" ಎಂದ. ಪ್ರಶ್ನೆಯಲ್ಲ, ತನ್ನಷ್ಟಕ್ಕೆ ಹೇಳಿಕೊಂಡದ್ದು. ನಾನು ಚೊಂಬು ತಿರುವಿ ನೀರು ಹಾಕಿದೆ.

ಹದಿಮೂರನೆಯ ದಿನ ಮಂಗಳವಾರ. ಶಿವರಾತ್ರಿಗೆ ಎರಡು ದಿನ ಇತ್ತು. ಗಂಗಾಂಬಿಕಾ ಬೆಳಿಗ್ಗೆ ನೀರಿಗೆ ಹೋಗಿದ್ದಾಗ ನಾನು ಕೋಣೆಗೆ ಹೋಗಿ ಬಾಡಿದ ಹೂ ತೆಗೆದೆ. ವಿಭೂತಿ ಒರೆಸಲಿಲ್ಲ. ನೋಟುಬುಕ್ಕು ತೆರೆದು ಪಕ್ಕದಲ್ಲಿಟ್ಟೆ. ಮುಚ್ಚಳ ಎತ್ತಿದೆ.

ಫ್ಯಾನು ತಿರುಗಿತು. ಪರದೆ ಕಪ್ಪಗಿತ್ತು. ಮನಸ್ಸಿನಲ್ಲಿ ಎಣಿಸಿದೆ. ನಾಲ್ಕು ಎಣಿಸುವಷ್ಟರಲ್ಲಿ ಬೆಳಕು ಬಂತು.

ಅದು ಎದ್ದಿತು. ನಾನು ಮಾಡಿದ ರಿಪೇರಿ ಸರಿಯಾಗಿತ್ತು. ಅವಳು ಬಿಟ್ಟಿದ್ದೆಲ್ಲ ಬಿಟ್ಟ ಹಾಗೇ ಇತ್ತು. ಅದಿರಿನ ಮಾದರಿಗಳ ಪಟ್ಟಿ, ಒಂದೊಂದರ ಮುಂದೆ ಕಬ್ಬಿಣದ ಅಂಶ. ಕೊನೆಯ ಸಾಲಿನಲ್ಲಿ ಅರವತ್ಮೂರು ಎಂದು ಬರೆದು ಚುಕ್ಕಿ ಇಟ್ಟಿದ್ದಳು. ಚುಕ್ಕಿಯ ಮುಂದಿನ ಅಂಕಿ ಇರಲಿಲ್ಲ. ಅಲ್ಲಿ ಒಂದು ಕಡ್ಡಿಯಂಥ ಗುರುತು ಅವಳ ಬೆರಳಿಗಾಗಿ ಕಾಯುತ್ತ ಮಿನುಗುತ್ತಿತ್ತು. ಕೀಲಿಗಳ ಸಂದಿಯಲ್ಲಿ ಜೋಳದ ರೊಟ್ಟಿಯ ಒಂದು ಚೂರು ಒಣಗಿತ್ತು.

ಆ ಪಟ್ಟಿಯನ್ನು ಮೊದಲು ಉಳಿಸಿದೆ. ಆಮೇಲೆ ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು, ಹಾಲೇಶ್ ಕಲಿಸಿದಂತೆ ನಿದ್ದೆಯ ಲಾಗು ತೆಗೆದೆ. ಇಂಗ್ಲಿಷಿನ ಸಾಲುಗಳು. ಒಂದೊಂದನ್ನೇ ಬೆರಳಿಟ್ಟು ಓದಿದೆ. ಫೆಬ್ರವರಿ ಇಪ್ಪತ್ತೊಂದು, ಗುರುವಾರ. ಮಲಗುವ ಕ್ರಿಯೆ ಆರಂಭ. ಅದರ ಮುಂದೆ 06:49:12.

ಕನ್ನಡಕ ಒರೆಸಿ ಮತ್ತೆ ಓದಿದೆ. ಆರೂ ನಲವತ್ತೊಂಬತ್ತು. ಬಸ್ಸು ಹೋಗಿ ನಾಲ್ಕು ನಿಮಿಷವಾಗಿತ್ತು. ಅವಳ ಲೆಕ್ಕದಲ್ಲಿ ಆರೂ ಮೂವತ್ನಾಲ್ಕು. ಎಂದಿನ ಆರೂ ಮೂವತ್ತೈದಕ್ಕಿಂತ ಒಂದು ನಿಮಿಷ ಮುಂಚೆಯೇ ಹೊರಟಿದ್ದಳು. ತಡಮಾಡುವ ಹುಡುಗಿ ಅಲ್ಲ ಅವಳು.

ಗಂಗಾಂಬಿಕಾ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಗೊತ್ತಾಗಲಿಲ್ಲ. ಸೊಂಟದ ಮೇಲೆ ತುಂಬಿದ ಕೊಡ ಇತ್ತು. ಪರದೆಯ ಬೆಳಕು ನೋಡಿ ಕೊಡ ಇಳಿಸಿದಳು. ಮುಟ್ಟಿದ್ದೇಕೆ ಎಂದು ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಏನು ಸಿಕ್ಕಿತು ಎಂದೂ ಕೇಳಲಿಲ್ಲ. ಬಾಗಿಲ ಬಳಿಯೇ ಕುಳಿತು ಬೇರೆಯೇ ಮಾತು ಆಡಿದಳು.

"ನಾನ ಆಕಿನ್ನ ಕುಂದ್ರಿಸಿದ್ದು" ಎಂದಳು. "ಇನ್ನೊಂದು ರೊಟ್ಟಿ ತಿನ್ನವ್ವಾ ಅಂದೆ. ಟೈಮ್ ಆಗೈತೇನಬೇ, ಇದು ಹದಿನೈದು ಮುಂದ ಐತೋ ಇಲ್ಲೋ ಅಂದ್ಲು. ನಿಮ್ಮಪ್ಪ ಇಟ್ಟ ಗಡಿಯಾರ ಯಾವತ್ತು ಖರೇ ಟೈಮ್ ತೋರಿಸೈತಿ, ಮುಂದ ಇರ್ತೈತಿ, ಕುಂದ್ರು ಅಂದೆ. ನಾನ ಅಂದದ್ದು. ಹದಿಮೂರು ದಿನದಿಂದ ನುಂಗಿಕೊಂಡೀನಿ."

ಅವಳು ಅಳಲಿಲ್ಲ. ತಟ್ಟೆಯನ್ನು ನೆಲದ ಮೇಲೆ ಇಟ್ಟ ಆ ದಿನದಂತೆಯೇ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಈ ಹದಿಮೂರು ದಿನ ನಾನು ನನ್ನದೇ ಪಾಪವನ್ನು ಅಳೆಯುತ್ತಿದ್ದೆ. ಪಕ್ಕದ ಚಾಪೆಯಲ್ಲಿ ಮಲಗಿದವಳು ತನ್ನದನ್ನು ಅಳೆಯುತ್ತಿದ್ದಾಳೆ ಎಂದು ನನಗೆ ಹೊಳೆದಿರಲಿಲ್ಲ.

ಲಾಗು ಮುಚ್ಚಿ, ಅವಳು ಆರೂವರೆಗೇ ಹೊರಟಿದ್ದಳು, ರೊಟ್ಟಿಯದ್ದೇನೂ ಇಲ್ಲ ಎಂದು ಹೇಳಿಬಿಡಬಹುದಾಗಿತ್ತು. ಗಂಗಾಂಬಿಕಾಳಿಗೆ ಇಂಗ್ಲಿಷು ಬಾರದು. ಆದರೆ ಇನ್ನೊಂದು ಸುಳ್ಳು ವೇಳೆಯನ್ನು ಈ ಮನೆಯ ಗೋಡೆಗೆ ತೂಗುಹಾಕಲು ನನ್ನಿಂದ ಆಗಲಿಲ್ಲ. ಮತ್ತು ಒಂದು ಮಾತು ಇನ್ನೂ ಉಳಿದಿತ್ತು. ಅದನ್ನು ಇಲ್ಲಿಯವರೆಗೆ ಬರೆಯಲೂ ನನಗೆ ಕೈ ಬಂದಿಲ್ಲ.

ಆ ಬೆಳಿಗ್ಗೆ ನಾನು ಪೂಜೆಯಲ್ಲಿದ್ದೆ. ಎಡ ಅಂಗೈಯಲ್ಲಿ ಲಿಂಗ ಇತ್ತು. ಲಿಂಗ ಅಂಗೈಗೆ ಬಂದ ಮೇಲೆ ಪೂಜೆ ಮುಗಿದು ಅದು ಎದೆಗೆ ಮರಳುವವರೆಗೆ ನಾನು ಮಾತಾಡುವುದಿಲ್ಲ. ದೀಕ್ಷೆಯಾದ ಎಂಟನೆಯ ವರ್ಷದಿಂದ ಮುರಿಯದ ನೇಮ ಅದು. ದೇವರ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ, ಮೇಲೆ ಗಾಳಿಗೆಂದು ಬಿಟ್ಟ ಕಿಂಡಿ.

"ನನಗ ಕೇಳಿಸಿತ್ತು" ಎಂದೆ.

ಗಂಗಾಂಬಿಕಾ ತಲೆ ಎತ್ತಿದಳು.

"ಆಕಿ ಮೊದಲು ನನ್ನ ಕೇಳಿದ್ಲು. ಅಪ್ಪಾಜಿ, ಇದು ಹದಿನೈದು ಮುಂದ ಐತೇನ್ರಿ ಅಂತ, ಗೋಡಿ ಆಚೆಯಿಂದ. ಆಮ್ಯಾಲ ನಿನ್ನ ಕೇಳಿದ್ಲು. ನೀ ಹೇಳಿದ್ದೂ ಕೇಳಿಸಿತು. ಇಲ್ಲ, ಸರಿ ಐತಿ ಅನ್ನೂದಿತ್ತು. ಲಿಂಗ ಕೈಯಾಗಿತ್ತು. ಮುಗಿಸಿ ಹೇಳಿದ್ರಾತು ಅಂದ್ಕೊಂಡೆ."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಡ್ಯಾಮಿನ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಕಿಟಕಿಯ ಸರಳು ಅದುರುತ್ತಿತ್ತು.

ಕೊನೆಗೆ, "ಪೂಜಿ ಬಿಟ್ಟು ಮಾತಾಡಿದ್ರ ದೇವರು ಸಿಟ್ಟಾಗತಿದ್ನೇನ್ರಿ?" ಎಂದು ಕೇಳಿದಳು. ಕುಹಕವಿರಲಿಲ್ಲ ಅದರಲ್ಲಿ. ಅಯ್ಯನೋರಾದ ನಾನು ಹೇಳಬೇಕು ಎಂದು ನಿಜವಾಗಿಯೇ ಕೇಳಿದಳು.

ಇಲ್ಲ ಎಂದೆ. ಸಿಟ್ಟಾಗುತ್ತಿರಲಿಲ್ಲ. ಮೂವತ್ನಾಲ್ಕು ವರ್ಷ ಗೇಟಿನ ಮೇಲೆ, ಬದಲಾಯಿಸಿದ್ದನ್ನು ಮುಂದಿನವನಿಗೆ ಬಾಯಲ್ಲಿ ಹೇಳದೆ ನಾನು ಒಂದು ದಿನವೂ ಕೆಳಗೆ ಇಳಿದವನಲ್ಲ. ಒಬ್ಬ ಅಪರಿಚಿತ ಆಪರೇಟರನಿಗೆ ಕೊಟ್ಟ ಮರ್ಯಾದೆಯನ್ನು ಮಗಳಿಗೆ ಕೊಡಲಿಲ್ಲ. ರೊಟ್ಟಿ ಹಾಕಿದವಳದು ತಪ್ಪಲ್ಲ. ನೀನು ಗೊತ್ತಿದ್ದುದನ್ನು ಹೇಳಿದೆ, ನಾನು ಗೊತ್ತಿದ್ದೂ ಹೇಳಲಿಲ್ಲ ಎಂದೆ.

ನೋಟುಬುಕ್ಕಿನಲ್ಲಿ ಬುಧವಾರದ ಸಾಲು ಹಾಗೇ ಇತ್ತು. ಖಾಲಿ ಬಿಟ್ಟ ಕಾಲಮಿನಲ್ಲಿ, ತಿಳಿಸಲಿಲ್ಲ ಎಂದು ಬರೆದು ಸಹಿ ಮಾಡಿದೆ: ಕೊಟ್ರಯ್ಯ, ಗೇಟ್ ಆಪರೇಟರ್. ಗಂಗಾಂಬಿಕಾ ಎದ್ದು ರೇಡಿಯೊದ ಸೆಲ್ಲು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟಳು. ಸ್ಟೂಲು ಹಾಕಿಕೊಂಡು ಗೋಡೆ ಗಡಿಯಾರಕ್ಕೆ ಅದನ್ನು ಹಾಕಿದೆ. ಯಂತ್ರದ ವೇಳೆ ನೋಡಿ ಅಷ್ಟಕ್ಕೇ ಇಟ್ಟೆ. ಮುಂದೆ ಇಡಲಿಲ್ಲ. ಹಾಲೇಶನಿಗೆ ಪಟ್ಟಿ ಸಿಕ್ಕಿದೆ, ಕೊನೆಯ ಅಂಕಿ ಒಂದು ಇಲ್ಲ ಎಂದು ಫೋನು ಮಾಡಿದೆ. ನಾಳೆ ಕಂಪ್ಲಿಗೆ ಹೋಗಿ ಸಿದ್ದಲಿಂಗೇಶನಿಗೆ ಎಲ್ಲವನ್ನೂ ಬಾಯಲ್ಲೇ ಹೇಳಬೇಕು.

ಸಂಜೆ ಪೂಜೆಗೆ ಕುಳಿತಾಗ ಗಂಗಾಂಬಿಕಾ ನನ್ನ ಹಿಂದೆ ಬಂದು ಕುಳಿತಳು. ಲಿಂಗ ಅಂಗೈಗೆ ಬಂದ ಮೇಲೆ ನಾನು ಮೊದಲ ಸಲ ಬಾಯಿ ತೆರೆದು, ಅವಳಿಗೂ ಕೇಳುವಂತೆ ಬೇಡಿದೆ.

ಕೊಟ್ಟೂರ ತಂದೆಯೇ, ಶೈಲಶ್ರೀ ಎಂಬ ನನ್ನ ಮಗಳು ನಿನ್ನ ಬಳಿಗೆ ವೇಳೆಗೆ ಮುಂಚೆ ಬಂದಿದ್ದಾಳೆ. ತಡ ಅವಳದಲ್ಲ, ನನ್ನದು. ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ನೀನು ಕೊಡು. ಬಸ್ಸಿಗೆ ಓಡುವ ಅವಸರವಿಲ್ಲದ ಜಾಗದಲ್ಲಿ ಅವಳನ್ನು ಕೂರಿಸು. ರಸ್ತೆಯ ಸದ್ದು ಅವಳ ಕಿವಿಗೆ ಬೀಳದಿರಲಿ, ಕೆಂಪು ಧೂಳು ಅವಳ ಕಣ್ಣಿಗೆ ಹೋಗದಿರಲಿ. ಅವಳ ಜೊತೆ ಆ ಗಾಡಿಯಲ್ಲಿ ಬಂದ ಇನ್ನಿಬ್ಬರನ್ನೂ ನೋಡಿಕೊ, ಅವರ ಹೆಸರು ನನಗೆ ಗೊತ್ತಿಲ್ಲ. ನಿನ್ನಲ್ಲಿ ಸೇರಿದವಳಿಗೆ ನಿನ್ನ ಶಾಂತಿಯನ್ನು ಕೊಡು, ತಂದೆ.